ಚೆಂಡಿಗಿಂತ ಮೊದಲು ಏಳುವ ಕಾಲು

ನಮ್ಮ ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆಯ ಬಯಲಲ್ಲಿ ಮಕ್ಕಳು ಖೋ ಖೋ ಆಡುವುದನ್ನು ನೀವು ನೋಡಿದ್ದೀರಿ. ಬೆನ್ನಿಗೆ ಕೈ ತಾಗಿ ‘ಖೋ’ ಎಂದೊಡನೆ ಸಾಲಿನಲ್ಲಿದ್ದ ಹುಡುಗಿ ಚಿಮ್ಮುತ್ತಾಳೆ. ಕುಳಿತಿದ್ದಳು ಅಂತ ನಮಗೆ ಕಾಣುತ್ತದೆ. ಆಕೆ ಮಾತ್ರ ಮುಂಗಾಲಿನ ಮೇಲೆ ಭಾರ ಹಾಕಿ ಕಾಯುತ್ತಿರುತ್ತಾಳೆ. ಟೆನಿಸ್ ಆಟಗಾರರಿಗೆ ಈ ಕಾಯುವಿಕೆಯನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಇಂದು ಆ ಕಥೆ ಹೇಳುತ್ತೇನೆ.

1874ರಲ್ಲಿ ಬ್ರಿಟನ್ನಿನ ವಾಲ್ಟರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್‌ಗೆ ಪೇಟೆಂಟ್ ಪಡೆದ. 1877ರ ಮೊದಲ ವಿಂಬಲ್ಡನ್‌ನಲ್ಲಿ ಹೆಚ್ಚಿನವರು ಹಿಂದೆಯೇ ನಿಂತು ಆಡಿದರೆ, ಸ್ಪೆನ್ಸರ್ ಗೋರ್ ನೆಟ್ಟಿನ ಬಳಿಗೆ ನುಗ್ಗಿ, ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆದು ಗೆದ್ದ. ಮರುವರ್ಷ ಸಿಲೋನಿನಿಂದ ರಜೆಗೆಂದು ಬಂದ ತೋಟದ ಮಾಲೀಕ ಫ್ರ್ಯಾಂಕ್ ಹ್ಯಾಡೋ, ಗೋರ್‌ನ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಿಂದಕ್ಕೆ ಹಾಕಿದ. ನುಗ್ಗುವುದರ ಜೊತೆಗೆ ಹಿಂದಕ್ಕೆ ಸರಿಯುವುದೂ ಬರಬೇಕು ಎಂದು ಆಟಕ್ಕೆ ಗೊತ್ತಾಯಿತು.

ಈ ಚರಿತ್ರೆಯಲ್ಲಿ ನನ್ನ ಮನಸ್ಸು ತಂಗುವುದು ಸುಜಾನ್ ಲೆಂಗ್ಲೆನ್ ಬಳಿ. ಆಕೆಯ ಕಾಲದ ಹೆಂಗಸರು ಬಿಗಿಯುಡುಪು ತೊಟ್ಟು, ಉದ್ದ ಲಂಗದಲ್ಲಿ ಆಡುತ್ತಿದ್ದರು. ಅಂಥ ಬಟ್ಟೆಯಲ್ಲಿ ಉದ್ದ ಹೆಜ್ಜೆ ಹೇಗೆ ಇಡುವುದು? 1919ರಲ್ಲಿ, ಇಪ್ಪತ್ತರ ಹರೆಯದ ಈ ಫ್ರೆಂಚ್ ಹುಡುಗಿ ಬಿಗಿಯುಡುಪನ್ನು ಬಿಟ್ಟು, ಮೀನಖಂಡದವರೆಗಿನ ಹಗುರ ಉಡುಪಿನಲ್ಲಿ ವಿಂಬಲ್ಡನ್‌ಗೆ ಇಳಿದಳು. ಅಂತಿಮ ಪಂದ್ಯದಲ್ಲಿ ಎದುರಿಗಿದ್ದವರು ಹಳೆಯ ಉಡುಪಿನ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್, ಏಳು ಬಾರಿಯ ಚಾಂಪಿಯನ್. 10-8, 4-6, 9-7ರಿಂದ ಲೆಂಗ್ಲೆನ್ ಗೆದ್ದಳು. ನರ್ತಕಿಯಂತೆ ಗಾಳಿಯಲ್ಲಿ ತೇಲುವ ಆಕೆಯ ಚಿತ್ರಗಳನ್ನು ನೋಡಿದಾಗಲೆಲ್ಲ, ಬಟ್ಟೆ ಬದಲಾದದ್ದರಿಂದ ಕಾಲಿಗೆ ಬಿಡುಗಡೆ ಸಿಕ್ಕಿತು ಅನ್ನಿಸುತ್ತದೆ.

ಆಮೇಲೆ ನೆಲ ಪಾಠ ಹೇಳಿತು. ಹುಲ್ಲಿನ ಮೇಲೆ ಚೆಂಡು ತಗ್ಗಾಗಿ ಬರುತ್ತದೆ, ಮಂಡಿ ಬಗ್ಗಿಸಲೇಬೇಕು. ಪ್ಯಾರಿಸಿನ ಇಟ್ಟಿಗೆಪುಡಿಯ ಅಂಗಳದಲ್ಲಿ ಜಾರಿಕೊಂಡು ಹೋಗಿ ಹೊಡೆಯಬೇಕು. ಆ ಜಾರುವಿಕೆಯನ್ನು ಗಟ್ಟಿ ಅಂಗಳದಲ್ಲೂ ಮಾಡಿ ತೋರಿಸಿದವರಲ್ಲಿ ಆಟಗಾರ ಜೊಕೊವಿಚ್ ಒಬ್ಬರು. ಎಲ್ಲದರ ಬುಡದಲ್ಲಿ ಇರುವುದು ಮಾತ್ರ ಒಂದು ಪುಟ್ಟ ಜಿಗಿತ, ಸ್ಪ್ಲಿಟ್ ಸ್ಟೆಪ್. ಎದುರಾಳಿ ಹೊಡೆಯುವ ಹೊತ್ತಿಗೆ ತುಸು ಮೇಲೆದ್ದು, ಚೆಂಡಿನ ದಿಕ್ಕು ತಿಳಿಯುವಾಗ ಮುಂಗಾಲಿನ ಮೇಲೆ ಇಳಿಯುವುದು. ಇಳಿದ ಕಾಲೇ ನೆಲವನ್ನು ಒತ್ತಿ ಆಚೆಗೋ ಈಚೆಗೋ ಹೊರಡುತ್ತದೆ. ಚೆಂಡಿನ ಬಳಿ ಬಂದಮೇಲೆ, ಗಂಗಾವತಿಯ ಗದ್ದೆಯ ಬದುವಿನ ಮೇಲೆ ನಡೆದಂತೆ, ಚಿಕ್ಕ ಚಿಕ್ಕ ಹೆಜ್ಜೆ.

ಈ ಹೆಜ್ಜೆಗಳ ಭಾರ ಹೊರುವುದು ಮಂಡಿ. ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಮಂಡಿಚಿಪ್ಪಿನ ಮೆದುಮೂಳೆ ಸವೆದುಹೋಗಿತ್ತು. ಅವರು ಅಯ್ಯಂಗಾರ್ ಯೋಗದ ಮೊರೆಹೋದರು; ಆ ಪದ್ಧತಿಯನ್ನು ಕಟ್ಟಿದವರು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ನೋವು ಇಳಿಯಿತು, ನಿಲುವು ಗಟ್ಟಿಯಾಯಿತು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಅವರು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸ್ ಆಟದಲ್ಲಿ ಜಗತ್ತಿನ ಒಂದನೇ ಸ್ಥಾನಕ್ಕೇರಿದರು.

2023ರಲ್ಲಿ ಧಾರವಾಡದಲ್ಲೂ ಕಲಬುರಗಿಯಲ್ಲೂ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿಗಳು ನಡೆದವು. ನಮ್ಮ ಕೊಪ್ಪಳದ ಮಕ್ಕಳಿಗೂ ಈ ಆಟ ಸಿಗಬೇಕೆಂಬುದು ನನ್ನ ಆಸೆ. ಕೋರ್ಟು ಬರುವವರೆಗೆ ಕಾಯಬೇಕಿಲ್ಲ. ಸಿಂಗಲ್ಸ್ ಅಂಗಳದ ಅಗಲ 8.23 ಮೀಟರ್, ಶಾಲೆಯ ಬಯಲಲ್ಲಿ ಅಷ್ಟು ದೂರಕ್ಕೆ ಎರಡು ಕಲ್ಲು ಇಡಿ. ಒಬ್ಬರು ಎದುರಿನಿಂದ ಚೆಂಡು ಎಸೆಯಲಿ. ಮಗು ನಡುವೆ ನಿಂತು, ಎಸೆಯುವವರ ಕೈ ಬೀಸಿದಾಗ ಒಂದು ಸಣ್ಣ ಜಿಗಿತ ಹಾಕಿ, ಚೆಂಡನ್ನು ಹಿಡಿದು, ಅಡ್ಡಹೆಜ್ಜೆಯಲ್ಲಿ ಮತ್ತೆ ನಡುವಿಗೆ ಬರಲಿ. ಕಾಲು ಏಳುವುದು ತಡವಾಗುತ್ತಿದ್ದರೆ, ಕೈ ಬೀಸುವಾಗ ಎಸೆಯುವವರು ಜೋರಾಗಿ ‘ಖೋ’ ಅನ್ನಲಿ.