ಗುಂಡು ಸಿಡಿಯುವ ಮುನ್ನ

(ಕ್ರೀಡಾಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ಮೀಟರ್ ಓಟದ ಮಾತು ಬಂದಾಗ ನಾವೆಲ್ಲ ಅದರ ಕೊನೆಯ ಗೆರೆಯ ಕಡೆಗೇ ನೋಡುತ್ತೇವೆ. ಎದೆಯೊಡ್ಡಿ ಮೊದಲು ಗೆರೆ ದಾಟಿದವರು ಯಾರು, ಎಷ್ಟು ಸೆಕೆಂಡು ಹಿಡಿಯಿತು, ದಾಖಲೆ ಮುರಿಯಿತೇ ಇಲ್ಲವೇ ಎಂಬುದಷ್ಟೇ ನಮ್ಮ ಕುತೂಹಲ. ಇವತ್ತು ನಾನು ಆ ಓಟದ ಇನ್ನೊಂದು ತುದಿಗೆ, ಓಟ ಇನ್ನೂ ಶುರುವಾಗಿರದ ಒಂದು ಕ್ಷಣದ ಕಡೆಗೆ ತಮ್ಮ ಗಮನ ಸೆಳೆಯಬೇಕೆಂದಿದ್ದೇನೆ.

2011ರ ಆಗಸ್ಟ್ 28. ದಕ್ಷಿಣ ಕೊರಿಯಾದ ಡೇಗು ನಗರ. ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ ನೂರು ಮೀಟರ್ ಫೈನಲ್. ಐದನೆಯ ಲೇನಿನಲ್ಲಿದ್ದವನು ಜಮೈಕಾದ ಉಸೇನ್ ಬೋಲ್ಟ್. ಎರಡು ವರ್ಷ ಮೊದಲು, 2009ರಲ್ಲಿ, ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದವನು. ಸ್ಟಾರ್ಟರ್ ‘ಸೆಟ್’ ಎಂದ. ಎಂಟೂ ಮಂದಿ ಸೊಂಟ ಮೇಲೆತ್ತಿದರು. ಪಿಸ್ತೂಲಿನ ಸದ್ದಿಗೆ ಮೊದಲೇ ಬೋಲ್ಟ್ ಮುಂದಕ್ಕೆ ಚಿಮ್ಮಿಬಿಟ್ಟ. ಎರಡು ಹೆಜ್ಜೆ ಹೋಗುವಷ್ಟರಲ್ಲೇ ಅವನಿಗೆ ಎಲ್ಲವೂ ಅರ್ಥವಾಗಿತ್ತು. ಯಾರೂ ಹೇಳುವ ಮೊದಲೇ ಅಂಗಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಜಗತ್ತಿನ ಅತಿ ವೇಗದ ಮನುಷ್ಯ ಓಡದೆಯೇ ಅಂಗಳದಿಂದ ಹೊರಗೆ ನಡೆದ.

ಉಳಿದ ಏಳು ಮಂದಿ ಓಡಿದರು. ಬೋಲ್ಟ್‌ನ ಜೊತೆಯಲ್ಲೇ ತರಬೇತಿ ಪಡೆಯುತ್ತಿದ್ದ 21ರ ಹರೆಯದ ಯೋಹಾನ್ ಬ್ಲೇಕ್, ಎದುರುಗಾಳಿಯಲ್ಲಿ 9.92 ಸೆಕೆಂಡಿನಲ್ಲಿ ಗುರಿ ಮುಟ್ಟಿ ಚಾಂಪಿಯನ್ ಆದ. ಅಮೆರಿಕದ ವಾಲ್ಟರ್ ಡಿಕ್ಸ್‌ಗೆ ಬೆಳ್ಳಿ, ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದ್ವೀಪರಾಷ್ಟ್ರದ ಕಿಮ್ ಕಾಲಿನ್ಸ್‌ಗೆ ಕಂಚು ದಕ್ಕಿತು.

ಮರುದಿನ ಎಲ್ಲ ಕಡೆಯೂ ಒಂದೇ ವಾದ. ಜನ ಯಾರನ್ನು ನೋಡಲು ಬಂದಿದ್ದರೋ ಅವನನ್ನೇ ಹೊರಗೆ ಕಳಿಸುವ ನಿಯಮ ಎಂಥ ನಿಯಮ? ಒಂದು ಎಚ್ಚರಿಕೆಯನ್ನಾದರೂ ಕೊಡಬಾರದಿತ್ತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ನಿಯಮ ಎಲ್ಲಿಂದ ಬಂತೆಂದು ನೋಡಬೇಕು. ಅದರ ಚರಿತ್ರೆಯುದ್ದಕ್ಕೂ ಒಂದೇ ಪ್ರಶ್ನೆ ಹರಿದುಬಂದಿದೆ: ಅವಸರಪಟ್ಟವನ ತಪ್ಪಿಗೆ ಬೆಲೆ ತೆರಬೇಕಾದವರು ಯಾರು?

ಛಡಿಯೇಟಿನಿಂದ ಒಂದು ಗಜದವರೆಗೆ

ಪ್ರಾಚೀನ ಗ್ರೀಸಿನಲ್ಲಿ ಉತ್ತರ ಸರಳವಾಗಿತ್ತು. ಮೊದಲೇ ಓಡಿದವನಿಗೆ ಛಡಿಯೇಟು. ಚರಿತ್ರಕಾರ ಹೆರೊಡೋಟಸ್ ಒಂದು ಪ್ರಸಂಗ ಹೇಳುತ್ತಾನೆ. ಕ್ರಿಸ್ತಪೂರ್ವ 480ರಲ್ಲಿ, ಸಲಾಮಿಸ್ ಕದನಕ್ಕೆ ಮುಂಚೆ ನಡೆದ ಸಭೆಯಲ್ಲಿ ಅಥೆನ್ಸಿನ ಥೆಮಿಸ್ಟೊಕ್ಲಿಸ್ ತನ್ನ ಸರದಿಗೆ ಕಾಯದೆ ಮಾತಿಗಿಳಿದ. ಆಗ ಕಾರಿಂಥಿನ ಸೇನಾನಿ, ಪಂದ್ಯದಲ್ಲಿ ಮೊದಲೇ ಎದ್ದು ಓಡುವವರಿಗೆ ಏಟು ಬೀಳುತ್ತದೆಂದು ನೆನಪಿಸಿದ. ಹಿಂದುಳಿದವರಿಗೆ ಕಿರೀಟವೂ ಸಿಗುವುದಿಲ್ಲವಲ್ಲ ಎಂದು ಥೆಮಿಸ್ಟೊಕ್ಲಿಸ್ ತಿರುಗಿ ಕೇಳಿದ. ವೇಗದ ಓಟಗಾರನ ಇಡೀ ಸಂಕಟ ಈ ಎರಡು ಮಾತುಗಳ ನಡುವೆ ಇದೆ.

ಗ್ರೀಕರು ಏಟನ್ನಷ್ಟೇ ನಂಬಿ ಕೂತಿರಲಿಲ್ಲ. ಕಾರಿಂಥಿನ ಸಮೀಪದ ಇಸ್ತ್ಮಿಯಾದಲ್ಲಿ ಉತ್ಖನನ ನಡೆದಾಗ, ಓಟ ಆರಂಭವಾಗುತ್ತಿದ್ದ ಕಡೆ ಕಲ್ಲುಹಾಸಿನಲ್ಲಿ ಕೊರೆದ ಗಾಡಿಗಳೂ, ಅವೆಲ್ಲ ಬಂದು ಸೇರುವ ಒಂದು ಗುಂಡಿಯೂ ಸಿಕ್ಕವು. ಗುಂಡಿಯಲ್ಲಿ ನಿಂತವನು ಹಗ್ಗ ಸಡಿಲಿಸಿದೊಡನೆ ಎಲ್ಲ ಓಟಗಾರರ ಮುಂದಿನ ಅಡ್ಡಗೋಲು ಒಟ್ಟಿಗೆ ಬೀಳುವ ಏರ್ಪಾಡು ಅದು. ಎಲ್ಲರೂ ಒಂದೇ ಕ್ಷಣಕ್ಕೆ ಹೊರಡಬೇಕೆಂಬ ಆಸೆ ಎಷ್ಟು ಹಳೆಯದೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಆಧುನಿಕ ಒಲಿಂಪಿಕ್ಸ್‌ನ ಮೊದಲ ದಿನಗಳಲ್ಲಿ ಏಟಿನ ಬದಲು ಅಂತರದ ದಂಡವಿತ್ತು. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನ 200 ಮೀಟರ್ ಫೈನಲಿನಲ್ಲಿ ಓಡಿದವರು ನಾಲ್ವರು. ಅವರಲ್ಲಿ ಮೂವರು ಅವಸರಪಟ್ಟಿದ್ದಕ್ಕಾಗಿ ಒಂದು ಗಜ ಹಿಂದಿನಿಂದ ಓಡಬೇಕಾಯಿತು. ದಂಡ ತೆರಬೇಕಾಗದ ನಾಲ್ಕನೆಯವನು ಆರ್ಚಿ ಹಾನ್. ಗೆದ್ದವನೂ ಅವನೇ.

ಪಕ್ಕದವನ ತಪ್ಪು

ಆ ಪದ್ಧತಿ ಹೋಗಿ, ಪ್ರತಿಯೊಬ್ಬನಿಗೂ ಒಂದು ತಪ್ಪು ಮಾಫಿ, ಎರಡನೆಯದಕ್ಕೆ ಅನರ್ಹ ಎಂಬ ನಿಯಮ ಬಂತು. ಕೇಳಲು ಎಷ್ಟು ದಯಾಪೂರ್ಣ! ಆದರೆ ಎಂಟು ಮಂದಿಗೆ ಒಂದೊಂದು ತಪ್ಪಿನ ಅವಕಾಶವೆಂದರೆ ಓಟ ಎಂಟು ಸಲ ನಿಲ್ಲಬಹುದು. ನಿಂತಾಗಲೆಲ್ಲ ತಪ್ಪು ಮಾಡದವರೂ ಎದ್ದು, ನಡೆದು, ಮತ್ತೆ ಬಂದು ಮಂಡಿಯೂರಬೇಕು. ಉಸಿರು, ಏಕಾಗ್ರತೆ ಎಲ್ಲವನ್ನೂ ಹೊಸದಾಗಿ ಕೂಡಿಸಿಕೊಳ್ಳಬೇಕು.

ಇದರ ಬೆಲೆ ಭಾರತೀಯರಿಗೆ ಗೊತ್ತು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲಿಗೂ ಇದೇ ನಿಯಮವಿತ್ತು. ಪ್ರತಿಸ್ಪರ್ಧಿಯೊಬ್ಬಳ ತಪ್ಪು ಆರಂಭದಿಂದಾಗಿ ಓಟವನ್ನು ನಿಲ್ಲಿಸಿ ಮತ್ತೆ ಹೊರಡಿಸಿದರು. ಎರಡನೆಯ ಸಲ ಪಿ.ಟಿ. ಉಷಾ ಅವರ ಆರಂಭ ನಿಧಾನವಾಯಿತು. ಅವರ ಕಾಲ 55.42 ಸೆಕೆಂಡು, ಕಂಚು ಪಡೆದ ರುಮೇನಿಯಾದ ಓಟಗಾರ್ತಿಯದು 55.41. ಆ ಒಂದು ನಿಲುಗಡೆಯೇ ಪದಕ ಕಸಿಯಿತೆಂದು ಯಾರೂ ಲೆಕ್ಕಹಾಕಿ ತೋರಿಸಲಾಗದು. ಆದರೆ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಬದುಕಿನ ಗತಿ ಬದಲಾಗುವ ಕಡೆ, ಪಕ್ಕದವರ ತಪ್ಪು ಪುಕ್ಕಟೆಯದಲ್ಲ ಎಂಬುದಂತೂ ನಿಜ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ನೂರು ಮೀಟರ್ ಫೈನಲಿನಲ್ಲಿ ಇದು ವಿಪರೀತಕ್ಕೆ ಹೋಯಿತು. ಹಿಂದಿನ ಸಲದ ಚಾಂಪಿಯನ್, 36 ವರ್ಷದ ಬ್ರಿಟನ್ನಿನ ಲಿನ್‌ಫೋರ್ಡ್ ಕ್ರಿಸ್ಟಿ ಒಮ್ಮೆ ತಪ್ಪಿದ. ಆಮೇಲೆ ಟ್ರಿನಿಡಾಡಿನ ಆಟೊ ಬೋಲ್ಡನ್ ತಪ್ಪಿದ. ಮೂರನೆಯ ಸಲ ಮತ್ತೆ ಕ್ರಿಸ್ಟಿ. ಅನರ್ಹನೆಂದು ಸಾರಿದರೂ ಅವನು ಬೇಗ ಜಾಗ ಬಿಟ್ಟು ಕದಲಲಿಲ್ಲ. ನಾಲ್ಕನೆಯ ಸಲ ಹೊರಟ ಓಟದಲ್ಲಿ ಕೆನಡಾದ ಡೊನೊವನ್ ಬೇಯ್ಲಿ 9.84 ಸೆಕೆಂಡಿನ ವಿಶ್ವದಾಖಲೆಯೊಡನೆ ಗೆದ್ದ.

ಪ್ಯಾರಿಸ್‌ನಲ್ಲಿ ಮಲಗಿದವನು

ದೂರದರ್ಶನ ಪ್ರಸಾರಕ್ಕೆ ಇಂಥ ವಿಳಂಬ ಹಿಡಿಸುವುದಿಲ್ಲ. 2003ರಲ್ಲಿ ಹೊಸ ನಿಯಮ ಬಂತು. ಮೊದಲ ತಪ್ಪು ಯಾರದೇ ಆಗಲಿ, ಅದು ಎಲ್ಲರ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ತಪ್ಪಿದವನು, ಅದು ಅವನ ಮೊದಲ ತಪ್ಪೇ ಆಗಿದ್ದರೂ, ಹೊರಗೆ.

ಗಮನಿಸಿ ನೋಡಿ. ಮೊದಲು ತಪ್ಪಿದವನಿಗೆ ಬರೀ ಎಚ್ಚರಿಕೆ, ಎರಡನೆಯವನಿಗೆ ಪೂರ್ತಿ ಶಿಕ್ಷೆ. ಊರಿನ ಒಬ್ಬ ಸಾಲ ಮಾಡಿದರೆ ಊರಿಗೆಲ್ಲ ಬಡ್ಡಿ ಹಾಕಿದ ಹಾಗೆ. ಆರಂಭದಲ್ಲಿ ಚುರುಕಾದವನನ್ನು ಅಂಜಿಸಲು ನಿಧಾನದವನು ಬೇಕೆಂದೇ ಮೊದಲ ತಪ್ಪು ಮಾಡಬಹುದಿತ್ತು. ನಿಯಮವೇ ತಂತ್ರಕ್ಕೆ ದಾರಿ ಮಾಡಿಕೊಟ್ಟಿತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನ ನೂರು ಮೀಟರ್ ಕ್ವಾರ್ಟರ್ ಫೈನಲಿನಲ್ಲಿ ಇದು ಸಿಡಿಯಿತು. ಮೊದಲ ತಪ್ಪು ಬೇರೊಬ್ಬನದು. ಎರಡನೆಯ ಸಲ ಯಂತ್ರ ಇಬ್ಬರನ್ನು ಹಿಡಿಯಿತು: ಅಮೆರಿಕದ ಜಾನ್ ಡ್ರಮಂಡ್, 0.052 ಸೆಕೆಂಡು, ಜಮೈಕಾದ ಅಸಫಾ ಪೊವೆಲ್, 0.086 ಸೆಕೆಂಡು. ತಾನು ಅಲುಗಲೇ ಇಲ್ಲವೆಂದು ಡ್ರಮಂಡ್ ಕೂಗಾಡಿದ. ಕೊನೆಗೆ ತನ್ನ ಲೇನಿನಲ್ಲೇ ಉದ್ದಕ್ಕೆ ಮಲಗಿಬಿಟ್ಟ. ಪ್ರೇಕ್ಷಕರೂ ಕೂಗಿದರು. ಬಹಳ ಹೊತ್ತು ಓಟವೇ ನಡೆಯಲಿಲ್ಲ. ಆ ನಡತೆಯನ್ನು ಯಾರೂ ಒಪ್ಪಲಾರರು. ಆದರೆ ಅದರ ಹಿಂದಿದ್ದ ಸಿಟ್ಟಿಗೆ, ಬೇರೆಯವನ ಎಚ್ಚರಿಕೆಯ ಸಾಲ ತನ್ನಿಂದ ವಸೂಲಾಯಿತೆಂಬುದಕ್ಕೆ, ಕಾರಣವಿರಲಿಲ್ಲವೆಂದು ಹೇಳಲಾಗದು.

2010ರಿಂದ ಈಗಿನ ನಿಯಮ ಜಾರಿಗೆ ಬಂತು. ಮೊದಲ ತಪ್ಪಿಗೇ ತಪ್ಪಿದವನು ಹೊರಗೆ. ಡೆಕಾಥ್ಲಾನ್‌ನಂಥ ಸಂಯುಕ್ತ ಸ್ಪರ್ಧೆಗಳಲ್ಲಿ ಮಾತ್ರ ಒಂದು ಎಚ್ಚರಿಕೆಯ ಪದ್ಧತಿ ಉಳಿದುಕೊಂಡಿತು. ಇದು ಕಠಿಣ, ನಿಜ. ಆದರೆ ಒಬ್ಬನ ತಪ್ಪಿನ ಬೆಲೆಯನ್ನು ಅವನೊಬ್ಬನೇ ತೆರುವಂತೆ ಮಾಡಿದ್ದು ಈ ನಿಯಮವೇ. ಡೇಗುವಿನಲ್ಲಿ ಬೋಲ್ಟ್‌ಗೆ ಎಚ್ಚರಿಕೆ ಕೊಟ್ಟು ಬಿಡಬೇಕಿತ್ತೆನ್ನುವವರು, ಉಳಿದ ಏಳು ಮಂದಿ ಅದಕ್ಕೆ ಕಂದಾಯ ಕಟ್ಟಬೇಕಿತ್ತೆಂದೇ ಹೇಳಿದಂತಾಗುತ್ತದೆ.

ಯಂತ್ರಕ್ಕೆ ಕಂಡದ್ದು

ಇನ್ನು ಈ 0.052, 0.086 ಎಂಬ ಅಂಕಿಗಳ ಮಾತು. ಒಂದು ಕಾಲದಲ್ಲಿ ಓಟಗಾರರು ಕಾಲೂರಲು ನೆಲದಲ್ಲಿ ಗುಳಿ ತೋಡಿಕೊಳ್ಳುತ್ತಿದ್ದರು. 1936ರ ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಕೂಡ ಸಣ್ಣ ಕರಣೆಯಿಂದ ಗುಳಿ ತೋಡಿಕೊಂಡೇ ಓಡಿದ. ಒಲಿಂಪಿಕ್ಸ್‌ಗೆ ‘ಸ್ಟಾರ್ಟಿಂಗ್ ಬ್ಲಾಕ್’ ಬಂದದ್ದು 1948ರ ಲಂಡನ್ ಕೂಟದಲ್ಲಿ. ಈಗಿನ ಬ್ಲಾಕುಗಳಲ್ಲಿ ಪಾದದ ಒತ್ತಡವನ್ನು ಅಳೆಯುವ ಸಾಧನವಿರುತ್ತದೆ. ಗುಂಡಿನ ಸದ್ದಿಗೂ ಆ ಒತ್ತಡ ಏರಿದ ಕ್ಷಣಕ್ಕೂ ನಡುವಿನ ಕಾಲವೇ ‘ಪ್ರತಿಕ್ರಿಯೆಯ ಕಾಲ’. ಬರ್ಲಿನ್ ದಾಖಲೆಯ ಓಟದಲ್ಲಿ ಬೋಲ್ಟ್‌ನದು 0.146 ಸೆಕೆಂಡು.

ಸದ್ದು ಎಲ್ಲರಿಗೂ ಒಟ್ಟಿಗೆ ಕೇಳಬೇಕಲ್ಲವೇ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮೊದಲ ಲೇನಿನಿಂದ ಎಂಟನೆಯ ಲೇನಿಗೆ ಎಂಟೂವರೆ ಮೀಟರ್ ದೂರ. ಪಿಸ್ತೂಲು ಒಂದು ಪಕ್ಕದಲ್ಲಿದ್ದರೆ ಆಚೆ ತುದಿಯವನಿಗೆ 0.025 ಸೆಕೆಂಡು ತಡವಾಗಿ ಕೇಳುತ್ತದೆ. ಪೂರ್ಣ ವೇಗದ ಓಟಗಾರ ಅಷ್ಟರಲ್ಲಿ ಒಂದಡಿ ಮುಂದೆ ಹೋಗಿರುತ್ತಾನೆ. ಅದಕ್ಕೇ ಪ್ರತಿ ಓಟಗಾರನ ಬೆನ್ನ ಹಿಂದೆಯೂ ಒಂದು ಧ್ವನಿವರ್ಧಕ ಇಡುತ್ತಾರೆ. 2003ರ ಪ್ಯಾರಿಸ್ ಫೈನಲಿನಲ್ಲಿ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ 0.01 ಸೆಕೆಂಡು ಎಂಬುದನ್ನು ನೆನೆದರೆ, ಈ ಎಚ್ಚರಿಕೆ ಅತಿಯಾಯಿತೆನಿಸುವುದಿಲ್ಲ.

ಆದರೆ ಮುಖ್ಯ ತೊಡಕು ಮುಂದಿದೆ. ಸದ್ದು ಕಿವಿಗೆ ಬಿದ್ದು, ಮೆದುಳಿಗೆ ಮುಟ್ಟಿ, ಅಲ್ಲಿಂದ ಕಾಲಿನ ಸ್ನಾಯುವಿಗೆ ಆಜ್ಞೆ ಇಳಿಯಲು ಕಾಲ ಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಬೇಗ, ಅಂದರೆ 0.100 ಸೆಕೆಂಡಿನೊಳಗೆ ಅದು ಆಗದು, ಅದಕ್ಕೂ ಮೊದಲೇ ಹೊರಟವನು ಊಹೆಯ ಮೇಲೆ ಹೊರಟಿದ್ದಾನೆ ಎಂಬುದು ನಿಯಮದ ಆಧಾರ. ಗುಂಡಿನ ನಂತರ ಹೊರಟರೂ ಅವನು ತಪ್ಪಿತಸ್ಥ. ಆದರೆ ಈ ಗೆರೆ ಪ್ರಕೃತಿ ಎಳೆದದ್ದಲ್ಲ, ಮನುಷ್ಯರು ಒಪ್ಪಿಕೊಂಡದ್ದು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟಕ್ಕಾಗಿ ಫಿನ್ಲೆಂಡಿನಲ್ಲಿ ನಡೆದ ಅಧ್ಯಯನದ 2009ರ ವರದಿ, ಕೆಲವರು ಇದಕ್ಕಿಂತ ಬೇಗ ಪ್ರತಿಕ್ರಿಯಿಸಬಲ್ಲರೆಂದೂ ಗೆರೆಯನ್ನು ಕೆಳಗಿಳಿಸಬೇಕೆಂದೂ ಹೇಳಿತು.

2022ರ ಜುಲೈನಲ್ಲಿ, ಅಮೆರಿಕದ ಯೂಜೀನ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಮಾತು ಪರೀಕ್ಷೆಗೆ ಬಂತು. ಪುರುಷರ 110 ಮೀಟರ್ ಹರ್ಡಲ್ಸ್ ಫೈನಲಿನಲ್ಲಿ ಆತಿಥೇಯ ದೇಶದ ಡೆವನ್ ಅಲೆನ್‌ನ ಪ್ರತಿಕ್ರಿಯೆಯ ಕಾಲ 0.099 ಸೆಕೆಂಡು ಎಂದು ಯಂತ್ರ ತೋರಿಸಿತು. ಸೆಕೆಂಡಿನ ಸಾವಿರದ ಒಂದು ಭಾಗ ಕಡಿಮೆ. ಕಣ್ಣಿಗೆ ಏನೂ ಕಂಡಿರಲಿಲ್ಲ. ಯಂತ್ರಕ್ಕೆ ಕಂಡಿತ್ತು. ಅಲೆನ್ ಹೊರಗೆ ಹೋಗಬೇಕಾಯಿತು.

ಡೇಗು ಮತ್ತು ಯೂಜೀನ್, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನಿಯಮ ಒಂದೇ, ಶಿಕ್ಷೆ ಒಂದೇ. ಬೋಲ್ಟ್ ಗುಂಡಿಗೆ ಮೊದಲೇ ಹೊರಟದ್ದನ್ನು ಕ್ರೀಡಾಂಗಣದಲ್ಲಿ ಇದ್ದವರೆಲ್ಲ ಕಂಡರು. ಪಕ್ಕದ ಲೇನಿನ ಬ್ಲೇಕ್ ಕಾಲು ಅಲುಗಿಸಿದ್ದೇ ಅವನನ್ನು ಎಳೆಯಿತೆಂದು ಕೆಲವರು ವಾದಿಸಿದರೂ, ಅವನು ಹೊರಟ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅಲೆನ್‌ನ ವಿಷಯದಲ್ಲಿ ಇಡೀ ತೀರ್ಪು ನಿಂತದ್ದು ತಜ್ಞರೇ ಪ್ರಶ್ನಿಸಿದ್ದ ಒಂದು ಗೆರೆಯ ಮೇಲೆ. ಮೊದಲನೆಯದು ಕಠಿಣವಾದರೂ ನ್ಯಾಯ. ಎರಡನೆಯದು ನಿಯಮಕ್ಕೆ ಸರಿ, ನ್ಯಾಯಕ್ಕೆ ಸರಿಯೇ ಎಂದು ಕೇಳಲೇಬೇಕು. ಕ್ಷಮೆಯಿಲ್ಲದ ಶಿಕ್ಷೆಯನ್ನು ಇಟ್ಟುಕೊಂಡವರಿಗೆ ತಕ್ಕಡಿಯನ್ನು ಮತ್ತೆ ಮತ್ತೆ ಪರೀಕ್ಷಿಸುವ ಹೊಣೆಯೂ ಇರುತ್ತದೆ. ಶಿಕ್ಷೆ ಹಗುರವಾಗಿದ್ದ ಕಾಲದಲ್ಲಿ ತೂಕದಲ್ಲಿ ಒಂದು ಗುಲಗಂಜಿ ಆಚೀಚೆಯಾದರೂ ನಡೆಯುತ್ತಿತ್ತು. ಈಗ ನಡೆಯದು.

ಡೇಗುವಿನ ಓಟವನ್ನು ‘ಬೋಲ್ಟ್ ಓಡದ ಓಟ’ವೆಂದೇ ನೆನೆಯುತ್ತಾರೆ. ಬೋಲ್ಟ್ ಅದೇ ಕೂಟದಲ್ಲಿ 200 ಮೀಟರ್ ಗೆದ್ದ. ಮರುವರ್ಷ ಲಂಡನ್ ಒಲಿಂಪಿಕ್ಸ್‌ನ ನೂರು ಮೀಟರ್ ಫೈನಲಿನಲ್ಲಿ 0.165 ಸೆಕೆಂಡು ತಡೆದು ಹೊರಟು, 9.63 ಸೆಕೆಂಡಿನಲ್ಲಿ ಗೆದ್ದ. ಅವನಿಗೆ ಮತ್ತೊಂದು ಅವಕಾಶ ಇದ್ದೇ ಇತ್ತು. ಆ ದಿನ ಮೂರನೆಯವನಾಗಿ ಬಂದ ಕಿಮ್ ಕಾಲಿನ್ಸ್‌ಗೆ ಆಗ 35 ವರ್ಷ. ಪ್ಯಾರಿಸ್‌ನಲ್ಲಿ, ಡ್ರಮಂಡ್ ಮಲಗಿದ ಅದೇ ಕೂಟದಲ್ಲಿ, 10.07 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದವನು ಅವನೇ. ಎಂಟು ವರ್ಷಗಳ ನಂತರ ಡೇಗುವಿನಲ್ಲಿ ಅವನು ಗುಂಡು ಸಿಡಿಯುವವರೆಗೆ ಕಾದ, ಆಮೇಲೆ ಓಡಿದ, 10.09 ಸೆಕೆಂಡಿಗೆ ಕಂಚು ಪಡೆದ. ಕಾಯ್ದವರನ್ನು ಕಾಪಾಡುವುದಕ್ಕೆಂದೇ ಈ ನಿಯಮ ಇರುವುದು. ಮುಂದೆ ಎಂದಾದರೂ ಅದರ ಗೆರೆಯನ್ನು ಸರಿಸುವುದಾದರೆ, ಸರಿಸುವವರು ಹೊರನಡೆದ ಬೋಲ್ಟ್‌ನ ಜೊತೆಗೆ ಕಾದು ಓಡಿದ ಕಾಲಿನ್ಸ್‌ನನ್ನೂ ನೆನೆಯಲಿ.