ಹೋದ ಜನ್ಮದ ಬುದ್ಧಿ, ಈ ಜನ್ಮದ ಹಾಳೆ

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡಿದವರು ಬಿ.ಎ. ವ್ಯಾಸಂಗ ಮಾಡುತ್ತಿರುವ ಸಂಘದ ಸದಸ್ಯರು.)



ನಮ್ಮ ಅಣ್ಣಂದಿರು "ಯಾವುದಾದ್ರೂ ಒಳ್ಳೆ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡು" ಅಂದ್ರು. ನಾನು "ಕಾರ್ಟೂನ್ ಬಗ್ಗೆ ಮಾತಾಡ್ತೀನಿ" ಅಂದೆ. ನಕ್ಕರು. ನೀವೂ ನಗಬಹುದು. ಆದ್ರೆ ಈ ಕಾರ್ಟೂನ್ ನೋಡಿದ ಮೇಲೆ ನಾನು ನಮ್ಮ ಕೇರಿಯಲ್ಲಿ ಮಾಡಿದ ಒಂದು ತಪ್ಪು ನನಗೆ ಕಂಡಿತು. ಅದನ್ನ ನಿಮ್ಮ ಮುಂದೆ ಹೇಳಿಕೊಳ್ಳೋಕೇ ಇಲ್ಲಿ ನಿಂತಿದೀನಿ.

ಜಪಾನ್ ದೇಶದವರು ಮಾಡುವ ಇಂಥ ಚಿತ್ರಕಥೆಗಳಿಗೆ ಅನಿಮೆ ಅಂತಾರೆ. ಅದರಲ್ಲಿ ಒಂದು ಬಗೆ ಇದೆ. ಈ ಲೋಕದಲ್ಲಿ ಸತ್ತ ಒಬ್ಬರು ಇನ್ನೊಂದು ಲೋಕದಲ್ಲಿ ಹುಟ್ಟುತ್ತಾರೆ. ಹಿಂದಿನ ಜನ್ಮದ ನೆನಪು ಹಾಗೇ ಇರುತ್ತೆ. ಹೆಚ್ಚಿನವುಗಳಲ್ಲಿ ನಾಯಕ ಕತ್ತಿ ಹಿಡಿದು ರಾಕ್ಷಸರನ್ನ ಕಡಿಯುತ್ತಾನೆ. ನಾನು ಹೇಳುವ ಕಥೆಯ ನಾಯಕಿ ಕತ್ತಿ ಹಿಡಿಯಲ್ಲ, ಅವಳು ಒಬ್ಬಳು ಚಿಕ್ಕ ಹುಡುಗಿ. ಅವಳಿಗೆ ಬೇಕಾಗಿರೋದು ಒಂದೇ, ಓದೋಕೆ ಪುಸ್ತಕ. ಇಂಗ್ಲಿಷಿನಲ್ಲಿ ಇದಕ್ಕೆ 'ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್' ಅಂತ ಹೆಸರು. ಬರೆದವರು ಮಿಯಾ ಕಜುಕಿ. 2013ರಲ್ಲಿ ಬರೆಯೋಕೆ ಶುರು ಮಾಡಿದ ಕಥೆ 2019ರಲ್ಲಿ ಅನಿಮೆಯಾಗಿ ಬಂತು. ಜಪಾನಿ ಹೆಸರು 'ಹೊನ್‌ಜುಕಿ ನೊ ಗೆಕೊಕುಜೋ'. 'ಗೆಕೊಕುಜೋ' ಅಂದ್ರೆ ಕೆಳಗಿರುವವರು ಮೇಲಿರುವವರನ್ನ ಮೀರಿ ನಿಲ್ಲೋದು. ಹಿಂದೆ ಜಪಾನಿನಲ್ಲಿ ಕೆಳಗಿನ ಸೇವಕರು ದೊರೆಗಳನ್ನೇ ಇಳಿಸಿದ ಕಾಲವಿತ್ತು, ಆ ಕಾಲದ ಮಾತು ಇದು. ಈ ಅರ್ಥ ಗೊತ್ತಾದಾಗ, ಇದು ನಮ್ಮ ಸಂಘದ ಗೋಡೆ ಮೇಲೆ ಬರೆಯೋ ಪದ ಕಣ್ರೋ ಅನ್ನಿಸಿತು.

ಕಥೆ ಹೀಗಿದೆ. ಪುಸ್ತಕದ ಹುಚ್ಚಿನ ಒಬ್ಬ ಹುಡುಗಿಗೆ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿರುತ್ತೆ. ಅಷ್ಟರಲ್ಲಿ ಭೂಕಂಪ ಆಗಿ, ಪುಸ್ತಕಗಳೇ ಮೈಮೇಲೆ ಬಿದ್ದು ಸಾಯುತ್ತಾಳೆ. ಕಣ್ಣು ಬಿಟ್ಟಾಗ ಮೈನ್ ಅನ್ನೋ ಐದು ವರ್ಷದ ಬಡ ಹುಡುಗಿ ಆಗಿರುತ್ತಾಳೆ. ಅಪ್ಪ ಊರ ಬಾಗಿಲು ಕಾಯುವ ಸಿಪಾಯಿ, ಅವ್ವ ಬಟ್ಟೆಗೆ ಬಣ್ಣ ಹಾಕುವವಳು. ಮೈನ್‌ಗೆ ಸದಾ ಜ್ವರ, ನಾಲ್ಕು ಹೆಜ್ಜೆ ನಡೆದ್ರೆ ಸುಸ್ತು. ಮನೆಯಲ್ಲಿ ಒಂದು ಹಾಳೆಯೂ ಇಲ್ಲ. ಆ ಲೋಕದಲ್ಲಿ ಪುಸ್ತಕ ಇರೋದು ದೊಡ್ಡೋರ ಮನೆಯಲ್ಲಿ, ದೇವಾಲಯದಲ್ಲಿ. ಯಾಕಂದ್ರೆ ಅಲ್ಲಿ ಬರೆಯೋದು ಚರ್ಮದ ಹಾಳೆ ಮೇಲೆ. ಅದರ ಬೆಲೆ ಸಿಪಾಯಿ ಸಂಬಳಕ್ಕೆ ಎಟುಕಲ್ಲ.

ಪುಸ್ತಕ ಇಲ್ಲದಿದ್ರೆ ನಾನೇ ಮಾಡ್ತೀನಿ ಅಂತ ಹೊರಡ್ತಾಳೆ ಮೈನ್. ಹುಲ್ಲಿನ ನಾರು ಹೆಣೆದು ನೋಡ್ತಾಳೆ, ಆಗಲ್ಲ. ಜೇಡಿಮಣ್ಣಿನ ಹಲಗೆ ಮಾಡ್ತಾಳೆ, ಹುಡುಗರು ತುಳಿದು ಹಾಕ್ತಾರೆ. ಮತ್ತೆ ಮಾಡಿ ಒಲೆಗಿಟ್ಟಾಗ ಸಿಡಿದು ಹೋಗುತ್ತೆ. ಮರದ ಪಟ್ಟಿಗಳ ಮೇಲೆ ಬರೆದಿಡ್ತಾಳೆ, ಅವಳವ್ವ ಅದನ್ನ ಸೌದೆ ಅಂತ ಒಲೆಗೆ ಹಾಕಿಬಿಡ್ತಾಳೆ.

ಅದನ್ನ ನೋಡುವಾಗ ನಾನು ಮೊಬೈಲ್ ನಿಲ್ಲಿಸಿಬಿಟ್ಟೆ. ನಾನು ಇಂಟರ್‌ನಲ್ಲಿದ್ದಾಗ ನಮ್ಮವ್ವನೂ ನನ್ನ ಇತಿಹಾಸದ ನೋಟ್ಸಿನ ಹಾಳೆಗಳನ್ನ ಒಲೆ ಹಚ್ಚೋಕೆ ಹಾಕಿತ್ತು. ಪರೀಕ್ಷೆಗೆ ಹತ್ತು ದಿನ ಇತ್ತು. ನಾನು ಕೇರಿಗೆಲ್ಲಾ ಕೇಳೋ ಹಂಗೆ ಕೂಗಾಡಿದೆ. ಅವ್ವ ಒಲೆ ಮುಂದೆ ಕೂತು, "ನಂಗೇನ್ ಗೊತ್ತು ಮಗ, ಯಾವ್ದು ಬೇಕಾದ್ದು ಯಾವ್ದು ಬ್ಯಾಡದ್ದು ಅಂತ" ಅಂತು. ಅಷ್ಟೇ. ಅವತ್ತು ನನಗೆ ಹೋದ ಹಾಳೆಗಳದ್ದೇ ಚಿಂತೆ. ಆ ಅನಿಮೆಯ ಅವ್ವನನ್ನ ನೋಡಿದ ಮೇಲೆ ನಮ್ಮವ್ವ ಅಂದ ಮಾತು ನೆನಪಾಯಿತು. ಓದೋಕೆ ಬರದವರ ಕಣ್ಣಿಗೆ ಬರೆದ ಹಾಳೆಯೂ ಒಂದೇ, ಖಾಲಿ ಹಾಳೆಯೂ ಒಂದೇ. ಅದು ಅವರ ತಪ್ಪಲ್ಲ. ಅವರನ್ನ ಶಾಲೆ ಬಾಗಿಲ ಹೊರಗೆ ನಿಲ್ಲಿಸಿದವರ ತಪ್ಪು.

ಇನ್ನು ಹಿಂದಿನ ಜನ್ಮದ ವಿಷಯ. ನಮ್ಮ ಹಿರಿಯರಿಗೆ ಆ ಮಾತು ಕೇಳಿದ್ರೆ ಏನು ನೆನಪಾಗುತ್ತೆ ಅಂತ ನಿಮಗೆ ಗೊತ್ತು. "ಹೋದ ಜನ್ಮದಲ್ಲಿ ಪಾಪ ಮಾಡಿದ್ರಿ, ಅದಕ್ಕೆ ಈ ಜಾತೀಲಿ ಹುಟ್ಟಿದ್ರಿ" ಅಂತ ಹೇಳಿ ಹೇಳಿ ನಮ್ಮನ್ನ ಕೂರಿಸಿದ್ರು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದರು. ಮರುವರ್ಷ, ಅವರು ತೀರಿಕೊಂಡ ಮೇಲೆ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ಹಳೇ ಜನ್ಮದ ಕರ್ಮದ ಮಾತನ್ನ ಅವರು ಒಪ್ಪಿಲ್ಲ. ಬಡತನಕ್ಕೆಲ್ಲಾ ಹೋದ ಜನ್ಮವೇ ಕಾರಣ ಅಂದುಬಿಟ್ರೆ ಈಗಿನ ಸಮಾಜ ಯಾವುದಕ್ಕೂ ಹೊಣೆ ಹೊರಬೇಕಾಗಿಲ್ಲವಲ್ಲ. ಮೈನ್ ಕಥೆಯಲ್ಲಿ ಹಿಂದಿನ ಜನ್ಮದಿಂದ ಬಂದಿದ್ದು ಪಾಪ ಅಲ್ಲ, ಬುದ್ಧಿ. ಕಟ್ಟುಕಥೆ ಅಂತ ಗೊತ್ತಿದ್ರೂ ನನಗೆ ಅದು ಹಿತ ಅನ್ನಿಸಿತು.

ಕೊನೆಗೆ ಮೈನ್ ಮರದ ತೊಗಟೆಯಿಂದ ಕಾಗದ ಮಾಡ್ತಾಳೆ. ಕೊಂಬೆಗಳನ್ನ ಹಬೆಯಲ್ಲಿ ಬೇಯಿಸಿ, ತೊಗಟೆ ಸುಲಿದು, ಬೂದಿ ಹಾಕಿ ಕುದಿಸಿ, ತೊಳೆದು, ನಾರು ಬಿಡೋವರೆಗೂ ಬಡಿದು, ಅಂಟು ಬೆರೆಸಿದ ನೀರಿಗೆ ಹಾಕಿ, ಜರಡಿಯಂಥ ಚೌಕಟ್ಟಿನಲ್ಲಿ ತೆಳ್ಳಗೆ ಎತ್ತಿ, ಹಲಗೆ ಮೇಲೆ ಒಣಗಿಸೋದು. ಜಪಾನಿನಲ್ಲಿ ನಿಜವಾಗಿಯೂ ಹೀಗೇ ಕೈಯಿಂದ ಕಾಗದ ಮಾಡ್ತಾರೆ. ಅದಕ್ಕೆ ವಾಶಿ ಅಂತಾರೆ. ಅದಕ್ಕೆ ಹೆಚ್ಚಾಗಿ ಬಳಸುವ ಕೊಜೊ ಗಿಡ ನಾವು ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಗಿಡದ ಕುಟುಂಬದ್ದೇ.

ಈ ಕೆಲಸವನ್ನ ಮೈನ್ ಒಬ್ಬಳೇ ಮಾಡಲಿಲ್ಲ. ಅವಳಿಗೆ ಗೊತ್ತಿತ್ತು, ಆದ್ರೆ ಕೈಯಲ್ಲಿ ಕಸುವಿರಲಿಲ್ಲ. ಸೌದೆ ಕಡಿದವನು, ನೀರು ಹೊತ್ತವನು, ತೊಗಟೆ ಬಡಿದವನು ಪಕ್ಕದ ಮನೆ ಹುಡುಗ ಲುಟ್ಸ್. ಅವಳಿಗೆ ಅಕ್ಷರ ಕಲಿಸಿದವನು ಊರ ಬಾಗಿಲಲ್ಲಿ ಲೆಕ್ಕ ಬರೆಯೋ ಸಿಪಾಯಿ ಒಟ್ಟೊ. ಬಂಡವಾಳ ಹಾಕಿದವನು ಬೆನ್ನೊ ಅನ್ನೋ ವ್ಯಾಪಾರಿ. ಆ ವ್ಯಾಪಾರಿ ಜೊತೆ ಮಾತು ಮುಗಿಸುವಾಗ ಈ ಚಿಕ್ಕ ಮಕ್ಕಳು ಬಾಯಿಮಾತಿಗೆ ಬಿಡಲ್ಲ, ಒಪ್ಪಂದ ಬರೆಸ್ತಾರೆ.

ಇದನ್ನ ನಮ್ಮ ತಾತನಿಗೆ ಹೇಳಿದೆ. ತಾತ ಬೇರೆ ಏನೂ ಕೇಳಲಿಲ್ಲ. "ಚರ್ಮದ ಹಾಳೆ ಅಂದ್ಯಲ್ಲ, ಅದನ್ನ ಹೆಂಗ್ ಮಾಡ್ತಾರೆ?" ಅಂತು. ನಾನು ಹುಡುಕಿ ಓದಿ ಹೇಳಿದೆ. ಚರ್ಮವನ್ನ ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು ಎಳೆದು, ಒಣಗಿಸ್ತಾರೆ. ಯೂರೋಪಿನಲ್ಲಿ ನೂರಾರು ವರ್ಷ ಪುಸ್ತಕ ಬರೆದಿದ್ದು ಇದರ ಮೇಲೇ. ತಾತ ನಕ್ಕಿತು. "ಅದು ತಮಟೆ ಚರ್ಮ ಕಣಪ್ಪ" ಅಂತು.

ನೋಡಿ, ತಾತನಿಗೆ ಎಷ್ಟು ಗೊತ್ತಿತ್ತು. ಕಪಿಲೆ ಬಾವಿಗಳಿದ್ದ ಕಾಲದಲ್ಲಿ ತೊಗಲಿನ ಬಾನಿ ಹೊಲೀತಿತ್ತು. ಸುಣ್ಣದಲ್ಲಿ ಎಷ್ಟು ದಿನ, ತಂಗಡಿ ತೊಗಟೆಯ ನೀರಲ್ಲಿ ಎಷ್ಟು ದಿನ, ಹದ ಬಂತೋ ಇಲ್ಲವೋ ಬೆರಳಲ್ಲಿ ಒತ್ತಿ ಹೇಗೆ ತಿಳ್ಕೋಬೇಕು, ಎಲ್ಲಾ ಗೊತ್ತಿತ್ತು. ಆ ಬಾನಿ ಇಲ್ಲದೆ ಹೊಲಕ್ಕೆ ನೀರಿಲ್ಲ. ಮೈನ್ ಕೈಯಲ್ಲಿ ತೊಗಟೆ ಕಾಗದವಾಯಿತು, ತಾತನ ಕೈಯಲ್ಲಿ ತೊಗಟೆ ಚರ್ಮವನ್ನ ಹದ ಮಾಡಿತು. ಆದ್ರೆ ಮೈನ್ ತನ್ನ ಕೆಲಸದ ಬೆಲೆ ಕೂತು ಮಾತಾಡಿದಳು. ತಾತ ಸುಗ್ಗಿಯಲ್ಲಿ ಕಣದಿಂದ ದೂರ ನಿಂತು, ಕೊಟ್ಟಷ್ಟು ಆಯದ ರಾಗಿ ಸೆರಗೊಡ್ಡಿದಂಗೆ ಪಂಚೆ ಒಡ್ಡಿ ತಂತು. ನಿನ್ನ ಬಾನಿಗೆ ಇಷ್ಟು ಬೆಲೆ ಅಂತ ಯಾರೂ ಬರೆದುಕೊಡಲಿಲ್ಲ. ಮೇಲೆ ಮುಟ್ಟಬೇಡ ಅಂದ್ರು. ಪಂಪ್‌ಸೆಟ್ ಬಂದ ಮೇಲೆ ಆ ರಾಗಿಯೂ ನಿಂತಿತು.

ಆ ಕೆಲಸಕ್ಕೆ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ಯಾರೂ ಹಾಗೆ ತಿಳ್ಕೋಬೇಡಿ. "ನಿಮ್ಮೋರಿಗೆ ಬುದ್ಧಿ ಇಲ್ಲ, ಅದಕ್ಕೆ ಬಡವರು" ಅಂತ ಯಾರಾದ್ರೂ ಅಂದ್ರೆ ಅದು ಸುಳ್ಳು ಅಂತ ಹೇಳ್ತಿದೀನಿ. ಬುದ್ಧಿ ಇತ್ತು. ಅಕ್ಷರ ಇರಲಿಲ್ಲ, ಬೆಲೆ ಕಟ್ಟೋ ಅಧಿಕಾರ ಇರಲಿಲ್ಲ. ಜಪಾನಿನಲ್ಲೂ ಚರ್ಮದ ಕೆಲಸ ಮಾಡುವವರನ್ನ, ಹೆಣ ಸಾಗಿಸುವವರನ್ನ ಊರಾಚೆ ಇಟ್ಟಿದ್ರು. 1871ರಲ್ಲಿ ಅಲ್ಲಿನ ಸರ್ಕಾರ ಆ ಭೇದ ರದ್ದು ಅಂತ ಆದೇಶ ಮಾಡಿತು. ಆದೇಶ ಬಂದರೂ ಅವಮಾನ ನಿಲ್ಲಲಿಲ್ಲ. 1922ರಲ್ಲಿ ಆ ಜನರೇ ಕ್ಯೋಟೊ ನಗರದಲ್ಲಿ ಸೇರಿ ಸುಯಿಹೆಯಿಶ ಅನ್ನೋ ಸಂಘ ಕಟ್ಟಿದ್ರು. ನಮ್ಮಂಥದ್ದೇ ಸಂಘ.

ಬಾಬಾಸಾಹೇಬರನ್ನ ನಾವು ಸಂವಿಧಾನ ಹಿಡಿದು ನಿಂತ ಚಿತ್ರದಲ್ಲೇ ಹೆಚ್ಚು ನೋಡ್ತೀವಿ. ಶಾಲೆಯಲ್ಲಿ ಮನೆಯಿಂದ ತಂದ ಗೋಣಿ ಮೇಲೆ ಬೇರೆ ಕೂರಬೇಕಾಗಿದ್ದ ಹುಡುಗ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1923ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಯಾವುದರ ಬಗ್ಗೆ ಗೊತ್ತಾ? ರೂಪಾಯಿಯ ಬಗ್ಗೆ. ಕೊಟ್ಟಷ್ಟು ಇಸ್ಕೊಂಡು ಬರಬೇಕು ಅಂತ ಹೇಳಿಸಿಕೊಂಡ ಜನರ ಮಗ ಇಡೀ ದೇಶದ ರೂಪಾಯಿಯ ಬೆಲೆಯ ಲೆಕ್ಕ ಕೇಳಿದರು. ಮುಂಬೈನ ದಾದರ್‌ನಲ್ಲಿ ಪುಸ್ತಕಗಳಿಗೆ ಜಾಗ ಬೇಕು ಅಂತಲೇ ರಾಜಗೃಹ ಮನೆ ಕಟ್ಟಿಸಿದರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ತಾವು ಓದಿದ್ದು ತಮ್ಮಲ್ಲೇ ಉಳಿಯೋಕೆ ಬಿಡಲಿಲ್ಲ. ನನಗೆ ಗೊತ್ತಿರೋ ನಿಜವಾದ ಗೆಕೊಕುಜೋ ಇದು. ಇದಕ್ಕೆ ಹಿಂದಿನ ಜನ್ಮದ ನೆನಪು ಬೇಕಾಗಲಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ.

ನಮ್ಮ ಕಡೆ ವಿಷಯ ನಿಮಗೆ ಗೊತ್ತು. ಮಡಕಶಿರಾ ಕಡೆ ನಾವು ಮನೇಲಿ ಮಾತಾಡೋದು ಕನ್ನಡ, ಎಷ್ಟೋ ಮಕ್ಕಳು ಓದೋದು ಕನ್ನಡ ಮೀಡಿಯಂ, ಕಚೇರಿ ಕಾಗದ ತೆಲುಗು. ಹತ್ತನೇ ಕ್ಲಾಸ್ ಓದಿದವರಿಗೂ ಅರ್ಜಿ ತುಂಬೋದು ಕಷ್ಟ. ನನಗೆ ಎರಡೂ ಬರುತ್ತೆ. ಹಾಗಾಗಿ ಪಿಂಚಣಿ ಅರ್ಜಿ, ಜಾತಿ ಸರ್ಟಿಫಿಕೇಟ್, ಸ್ಕಾಲರ್‌ಶಿಪ್ ಎಲ್ಲದಕ್ಕೂ ಜನ ನನ್ನ ಹತ್ತಿರ ಬರ್ತಾರೆ. ಮೊದಮೊದಲು ಸುಮ್ಮನೆ ಬರೆದುಕೊಡ್ತಿದ್ದೆ. ಆಮೇಲೆ ಇಪ್ಪತ್ತು ರೂಪಾಯಿ ತಗೊಳ್ಳೋಕೆ ಶುರು ಮಾಡಿದೆ. ಬಸ್ ಚಾರ್ಜಿಗೆ ಆಗುತ್ತೆ ಅಂತ ಸಮಾಧಾನ ಹೇಳ್ಕೊಂಡೆ.

ಒಂದು ದಿನ ನಮ್ಮ ಕೇರಿಯ ಅಜ್ಜಿಯೊಬ್ಬರು ಪಿಂಚಣಿ ಅರ್ಜಿ ಬರೆಸೋಕೆ ಬಂದ್ರು. ಬರೆದು ಮುಗಿಸಿ ಇಂಕ್ ಪ್ಯಾಡ್ ಮುಂದಿಟ್ಟೆ. ಅಜ್ಜಿ, "ಇದ್ರಾಗೆ ಏನ್ ಬರ್ದೈತೆ ಮಗ?" ಅಂದ್ರು. ನನಗೆ ಅವಸರ. "ನಿಂಗ್ಯಾಕಜ್ಜಿ ಅದೆಲ್ಲ, ಒತ್ತು ಹೆಬ್ಬೆಟ್ಟು" ಅಂದೆ. ಒತ್ತಿದ್ರು. ಬೆರಳನ್ನ ತಲೆಕೂದಲಿಗೆ ಒರೆಸಿಕೊಂಡು, ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಟ್ಟು ಹೋದ್ರು.

ಅವತ್ತು ರಾತ್ರಿ ನಾನು ನೋಡಿದ್ದು ಮೈನ್ ದೇವಾಲಯಕ್ಕೆ ಸೇರುವ ಭಾಗ. ಅಲ್ಲಿ ಒಂದು ಅನಾಥಾಲಯ. ಮಕ್ಕಳು ಹಸಿವಿಂದ, ಕೊಳಕಲ್ಲಿ ಬಿದ್ದಿರ್ತಾರೆ. ಮೈನ್‌ಗೆ ಆಗಲೇ ಓದೋಕೆ ಪುಸ್ತಕ ಸಿಕ್ಕಾಗಿದೆ. ಬಾಗಿಲು ಹಾಕ್ಕೊಂಡು ಓದಬಹುದಿತ್ತು. ಅವಳು ಆ ಮಕ್ಕಳಿಗೆ ಸಾರು ಮಾಡೋದು ಕಲಿಸ್ತಾಳೆ, ಕಾಡಿಗೆ ಕರ್ಕೊಂಡು ಹೋಗ್ತಾಳೆ, ಕಾಗದ ಮಾಡೋದು ಕಲಿಸ್ತಾಳೆ. ಕಾಗದ ಮಾರಿದ ದುಡ್ಡಲ್ಲಿ ಅವರ ಊಟ ಆಗುತ್ತೆ. ನಾನು ಆ ಅಜ್ಜಿಗೆ ಒಂದು ಸಾಲು ಓದಿ ಹೇಳಲಿಲ್ಲ. ನಮ್ಮವರನ್ನ ಬಾಗಿಲ ಹೊರಗೆ ನಿಲ್ಲಿಸಿದವರನ್ನ ಭಾಷಣದಲ್ಲಿ ಬೈತೀನಿ, ಇಪ್ಪತ್ತು ರೂಪಾಯಿಗೆ ನಾನೇ ಬಾಗಿಲಲ್ಲಿ ನಿಂತಿದ್ದೆ.

ಬೆಳಿಗ್ಗೆ ಅಜ್ಜಿ ಮನೆಗೆ ಹೋದೆ. ಅರ್ಜಿ ಇನ್ನೂ ಕೊಟ್ಟಿರಲಿಲ್ಲ. ಕೂತು ಒಂದೊಂದು ಸಾಲೂ ಕನ್ನಡದಲ್ಲಿ ಓದಿ ಹೇಳಿದೆ. ಗಂಡನ ಹೆಸರು ಬಂದಾಗ ಅಜ್ಜಿ ತಡೆದ್ರು. "ಅದು ಕೇರಿಯೋರು ಕರೆಯೋ ಹೆಸರು ಮಗ. ರೇಷನ್ ಕಾರ್ಡ್‌ನಾಗೆ ಬ್ಯಾರೆ ಐತೆ" ಅಂದ್ರು. ಡಿಗ್ರಿ ಓದೋ ನನ್ನ ತಪ್ಪನ್ನ ಹೆಬ್ಬೆಟ್ಟು ಒತ್ತೋ ಅಜ್ಜಿ ಹಿಡಿದ್ರು. ಓದಿ ಹೇಳದೇ ಇದ್ದಿದ್ರೆ ಆ ಹೆಸರಿಗಾಗಿ ಅವರು ಇನ್ನೆಷ್ಟು ಸಲ ಬಸ್ ಹತ್ತಬೇಕಿತ್ತೋ. ಇಪ್ಪತ್ತು ರೂಪಾಯಿ ವಾಪಸ್ ಕೊಟ್ಟೆ. "ಇಟ್ಕೋ, ಪೆನ್ನಿಗಾಯ್ತದೆ" ಅಂದ್ರು.

ಅನಿಮೆಯಲ್ಲಿ ಮೈನ್‌ಗೆ ಮಂತ್ರಶಕ್ತಿಯೂ ಇದೆ, ಒಳ್ಳೆ ವ್ಯಾಪಾರಿಯೂ ಸಿಗ್ತಾನೆ. ನಮಗೆ ಅವೆರಡೂ ಇಲ್ಲ. ನಮಗಿರೋದು ಈ ಸಂಘದ ಕೋಣೆ, ಒಂದು ಬಲ್ಬು, ಓದಿದ ಏಳೆಂಟು ಜನ. ಅದಕ್ಕೆ ನಾನು ಮೂರು ಮಾತು ಕೇಳಿಕೊಳ್ತೀನಿ.

ಒಂದು, ವಾರಕ್ಕೆ ಮೂರು ದಿನ ಸಂಜೆ ಏಳರಿಂದ ಎಂಟರವರೆಗೆ ಈ ಕೋಣೆಯಲ್ಲಿ ಅರ್ಜಿ ಬರೆಯೋಣ. ದುಡ್ಡು ಬೇಡ. ಆದ್ರೆ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಬಾರದು. ಬಂದವರಿಗೆ ಅವರ ಹೆಸರು ಬರೆಯೋದು ಕಲಿಸೋಣ, ಕನ್ನಡದಲ್ಲೂ, ತೆಲುಗಿನಲ್ಲೂ.

ಎರಡು, ಒಂದು ದೊಡ್ಡ ನೋಟ್‌ಬುಕ್ ಇಡೋಣ. ಅವ್ವಂದಿರಿಗೆ, ತಾತಂದಿರಿಗೆ ಗೊತ್ತಿರೋ ಕೆಲಸಗಳನ್ನ ಕೇಳಿ ಬರೆಯೋಣ. ತಮಟೆಗೆ ಚರ್ಮ ಬಿಗಿಯೋದು, ಹುಣಸೆಬೀಜದ ಅಂಟು ಕಾಯಿಸೋದು, ಮೋಡ ನೋಡಿ ಮಳೆ ಹೇಳೋದು. ಅದು ನಮ್ಮ ಹಿಂದಿನ ಜನ್ಮ, ಸಾಯೋಕೆ ಮುಂಚೆಯೇ ಬರೆದಿಡೋಣ.

ಮೂರು, ಕೂಲಿಗೆ ಹೋಗೋರು, ರೇಷ್ಮೆಗೂಡು, ಕಡ್ಲೆಕಾಯಿ ಮಾರೋರು ದಿನದ ಲೆಕ್ಕ ಬರೆಸಿ. ಎಷ್ಟು ದಿನ ಕೆಲಸ, ಎಷ್ಟು ತೂಕ, ಎಷ್ಟು ದುಡ್ಡು ಬಂತು. ಬಾಯಿಮಾತಿಗೆ ಬಿಡಬೇಡಿ. ಹಾಳೆ ನಿಮ್ಮ ಹತ್ತಿರ ಇದ್ರೆ ಬೆಲೆ ಕೇಳೋಕೆ ಧೈರ್ಯ ಬರುತ್ತೆ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಪ್ರತಿ ಏಪ್ರಿಲ್ 14ಕ್ಕೆ ಕೂಗ್ತೀವಿ. ಮಿಕ್ಕ ದಿನ ಈ ಕೋಣೆಗೆ ಬೀಗ ಇರುತ್ತೆ. ಬೀಗದ ಕೈ ಈ ವರ್ಷ ನನ್ನ ಹತ್ತಿರ ಕೊಡಿ. ಸೋಮವಾರ ಸಂಜೆ ನಾನು ಬಾಗಿಲು ತೆಗೆದಿರ್ತೀನಿ. ಆ ಅಜ್ಜಿ ಬರ್ತೀನಿ ಅಂದಿದಾರೆ. ನಮ್ಮವ್ವನೂ ಬರ್ತೈತೆ. ನೀವೂ ಬನ್ನಿ, ಬರುವಾಗ ಮನೇಲಿರೋ ಕಾಗದ ತನ್ನಿ, ಓದಿ ನೋಡೋಣ.

ಜೈ ಭೀಮ್.