‘ನಾಳೆ ಬಾ’ ಅನ್ನುವ ಕುರ್ಚಿ
(ವಿದ್ಯಾರ್ಥಿನಿಲಯದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)

ನನ್ನನ್ನು ಇಲ್ಲಿಗೆ ಕವಿ ಅಂತ ಕರೆದಿದ್ದೀರಿ. ಆದರೆ ಇವತ್ತು ಪದ್ಯ ಓದೋದಿಲ್ಲ. ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಎಂಟು ತಿಂಗಳಿಂದ ಒಂದು ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೀನಿ. ಆ ಕುರ್ಚಿಯ ಬಗ್ಗೆ ನಾಕು ಮಾತು ಹೇಳ್ತೀನಿ. ಇಲ್ಲಿ ಕೂತಿರುವವರಲ್ಲಿ ಮುಕ್ಕಾಲು ಜನ ಅದೇ ಕುರ್ಚಿಯ ಕನಸು ಕಾಣ್ತಾ ನಡುರಾತ್ರಿವರೆಗೆ ಸಾಮಾನ್ಯ ಜ್ಞಾನ ಉರು ಹೊಡೀತಿದ್ದೀರಿ. ನಾನೂ ಹೊಡೆದವನೇ.

ಕೆಲಸಕ್ಕೆ ಸೇರಿದ ಮೂರನೇ ವಾರ. ಒಬ್ಬ ಮುದುಕಿ ಬಂದಳು. ಅವಳ ವಿಧವಾ ವೇತನ ನಿಂತುಹೋಗಿತ್ತು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಸೆರಗು ಹೊದ್ದು, ಮೇಜಿನಿಂದ ಮಾರು ದೂರ ನಿಂತಳು. ನಾನು ತಲೆ ಎತ್ತಲಿಲ್ಲ. ಮೇಲಿನವರು ಕೇಳಿದ ಫೈಲು ಮುಂದಿತ್ತು. ‘ನಾಳೆ ಬಾರಮ್ಮ’ ಅಂದೆ. ‘ಆಯ್ತು ಬುದ್ಧಿ’ ಅಂದು ಹೋದಳು.

ಬುದ್ಧಿ! ನಮ್ಮವ್ವ ಜಮೀನ್ದಾರನ ಜಗಲಿಯ ಕೆಳಗೆ ನಿಂತು ಆಡುತ್ತಿದ್ದ ಮಾತದು. ನಮ್ಮಪ್ಪ ತೀರಿಕೊಂಡ ಮೇಲೆ ಇದೇ ವಿಧವಾ ವೇತನಕ್ಕಾಗಿ ಅವ್ವ ಕೂಲಿ ಬಿಟ್ಟು, ಬಸ್ ಚಾರ್ಜಿಗೆ ಸಾಲ ಮಾಡಿ, ಇಂಥದೇ ಕಚೇರಿಗೆ ಹನ್ನೊಂದು ಸಲ ತಿರುಗಿದ್ದಳು. ಹತ್ತು ಸಲ ಸಿಕ್ಕಿದ್ದು ‘ನಾಳೆ ಬಾ’. ಆ ಗುಮಾಸ್ತನನ್ನು ನಾನು ವರ್ಷಗಟ್ಟಲೆ ಬೈದಿದ್ದೆ. ಅವನ ಮೇಲೆ ಪದ್ಯವನ್ನೂ ಬರೆದಿದ್ದೆ. ಮೂರೇ ವಾರದಲ್ಲಿ ಅವನು ನನ್ನೊಳಗೆ ಬಂದು ಕೂತಿದ್ದ.

ಹಿಂದೆ ದೆವ್ವ ಒಳಗೆ ಬರಬಾರದೂಂತ ಮನೆಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರು. ನಾವು ಕಚೇರಿಯಲ್ಲಿ ಬಡವರನ್ನೇ ದೆವ್ವ ಮಾಡಿದ್ದೀವಿ.

1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ಬರೆಸಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ದೇವರ ಕೆಲಸ ಅಂದಾಗ ನಮ್ಮ ಕೇರಿಗೆ ಏನು ನೆನಪಾಗುತ್ತೆ? ಒಳಗೆ ಪೂಜಾರಿ, ಹೊರಗೆ ನಾವು. ಗರ್ಭಗುಡಿಯಲ್ಲಿ ಅವನು, ಬಿಸಿಲಲ್ಲಿ ನಮ್ಮವ್ವ. ಪೂಜಾರಿ ಕೊಟ್ಟರೆ ತೀರ್ಥ, ಕೊಡದಿದ್ದರೆ ಇಲ್ಲ. ಕಚೇರಿಯಲ್ಲಿ ಕೂತ ನೌಕರ ತಾನೇ ಪೂಜಾರಿ ಅಂದುಕೊಂಡರೆ ಆ ದೇವರು ನಮಗೆ ಬೇಡ. ಸರ್ಕಾರದ ಕೆಲಸ ಜನರ ಕೆಲಸ. ಅಷ್ಟು ಸಾಕು.

ಈ ಕುರ್ಚಿ ನಮಗೆ ಬಂದಿದ್ದಾದರೂ ಹೇಗೆ? ಭಿಕ್ಷೆಯಾಗಿ ಬರಲಿಲ್ಲ. ನನ್ನೊಬ್ಬನ ಬುದ್ಧಿವಂತಿಕೆಯಿಂದಲೂ ಬರಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಆ ಸಮಿತಿ ಹೇಳಿತು. ಆಮೇಲೆ ಸಂವಿಧಾನದ 16(4)ನೇ ವಿಧಿ ಬಂತು. ಅದರ ಹಿಂದೆ ಬಾಬಾಸಾಹೇಬರ ಒಂದು ಗಾಯವೂ ಇದೆ. ಕೊಲಂಬಿಯಾದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಜವಾನರು ಫೈಲುಗಳನ್ನು ದೂರದಿಂದ ಅವರ ಮೇಜಿಗೆ ಎಸೀತಿದ್ರು. ಊರಲ್ಲಿ ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಹೊರಗೆ ಹಾಕಿದರು. ಆ ಎಸೆದ ಫೈಲುಗಳ ಮೇಲೆ ಹತ್ತಿ ನಿಂತು ನಾವು ಇಲ್ಲಿಗೆ ಬಂದಿದ್ದೀವಿ.

ಅದೇ ಬಾಬಾಸಾಹೇಬರು 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ಮಾತಾಡುವಾಗ ನೊಂದುಕೊಂಡರು. ಓದಿದವರು ಸಮಾಜಕ್ಕೆ ದುಡೀತಾರೆ ಅಂತ ನಂಬಿದ್ದೆ, ಅವರು ಗುಮಾಸ್ತರಾಗಿ ಹೊಟ್ಟೆ ತುಂಬಿಸಿಕೊಳ್ಳೋದರಲ್ಲೇ ಮುಳುಗಿದರು ಅನ್ನೋ ಅರ್ಥದ ಮಾತು ಅದು. ಆ ಮಾತು ಈಗ ನನ್ನ ಮೇಜಿನ ಮೇಲೇ ಇದೆ.

ಗುಮಾಸ್ತ ಏನು ಮಾಡಬಲ್ಲ ಅಂತ ಕೇಳ್ತೀರಾ? ಗುಮಾಸ್ತನಿಗಿಂತ ಕೆಳಗಿನವನೊಬ್ಬನ ಕತೆ ಕೇಳಿ. 1960ರ ದಶಕದ ನಡುವೆ ಪುಣೆಯ ರಕ್ಷಣಾ ಇಲಾಖೆಯ ಸಂಸ್ಥೆಯೊಂದರಲ್ಲಿ ಅಂಬೇಡ್ಕರ್ ಜಯಂತಿ, ಬುದ್ಧ ಜಯಂತಿಯ ರಜೆಗಳನ್ನು ತೆಗೆದುಹಾಕಿದರು. ದೀನಾಭಾನಾ ಅನ್ನೋ ನಾಲ್ಕನೇ ದರ್ಜೆ ನೌಕರ, ರಾಜಸ್ಥಾನದಿಂದ ಬಂದ ಭಂಗಿ ಜಾತಿಯವನು, ಎದ್ದು ನಿಂತು ಪ್ರತಿಭಟಿಸಿದ. ಅವನನ್ನು ಅಮಾನತು ಮಾಡಿದರು. ಅವನ ಬೆನ್ನಿಗೆ ನಿಂತ ಸಹೋದ್ಯೋಗಿಯೇ ಕಾನ್ಶಿರಾಮ್. ರಜೆಗಳು ವಾಪಸ್ ಬಂದವು. 1978ರಲ್ಲಿ ಹುಟ್ಟಿದ ನೌಕರರ ಸಂಘಟನೆ ಬಾಮ್‌ಸೆಫ್‌ನ ಬೇರು ಅಲ್ಲಿದೆ. ಇದೆಲ್ಲ ಶುರುವಾದದ್ದು ಒಬ್ಬ ನಾಲ್ಕನೇ ದರ್ಜೆಯವನಿಂದ.

ಇನ್ನೊಂದು ಮಾತು. ಸಾರ್ವಜನಿಕ ಸೇವೆ ಅಂದ ಕೂಡಲೇ ನಮ್ಮ ಕಣ್ಣಮುಂದೆ ಜೀಪು, ಸಾಹೇಬರು ಬರ್ತಾರೆ. ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕ ಯಾಕೆ ಬರೋದಿಲ್ಲ? ಅವರಷ್ಟು ನೇರವಾಗಿ ಸಾರ್ವಜನಿಕರ ಸೇವೆ ಮಾಡುವವರು ಯಾರಿದ್ದಾರೆ? ಆದರೂ ಎಷ್ಟೋ ಜನರನ್ನು ಗುತ್ತಿಗೆ ಅಂತ ಹೊರಗೇ ನಿಲ್ಲಿಸಿದ್ದಾರೆ. ಮಲ ಹೊರಿಸಬಾರದು ಅಂತ 1993ರಲ್ಲೊಂದು, 2013ರಲ್ಲೊಂದು ಕಾನೂನು ಬಂತು. ಎರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಬಂಧುಗಳು ತಮ್ಮ ನೆಲೆ ಉಳಿಸಿಕೊಳ್ಳಲು ಮೈಮೇಲೆ ಮಲ ಸುರಿದುಕೊಂಡು ಕೂಗಬೇಕಾಯ್ತು. ಅರ್ಜಿಗೆ ಕಿವಿಗೊಡದ ಕಚೇರಿ ಮನುಷ್ಯನನ್ನು ಎಲ್ಲಿಗೆ ತಳ್ಳುತ್ತೆ ನೋಡಿ.

ಹಾಗಂತ ನೀವೆಲ್ಲ ಹುತಾತ್ಮರಾಗಿ ಅಂತ ನಾನು ಹೇಳ್ತಿಲ್ಲ. ಸಂಬಳ ಬೇಕು. ಅವ್ವನಿಗೆ ಔಷಧಿ ಬೇಕು, ತಂಗಿ ಓದಬೇಕು. ಹಿಂದಿನ ಮೇಜಿನಿಂದ ‘ಕೋಟಾದವನು’ ಅನ್ನೋ ಪಿಸುಮಾತು ನನಗೂ ಕೇಳಿಸುತ್ತೆ. ನಾವು ಒಂದು ತಪ್ಪು ಮಾಡಿದರೆ ಜಾತಿಗೇ ಅಂಟಿಸ್ತಾರೆ. ಆ ಭಯದಲ್ಲಿ ಕೆಲವರು ಮೇಲಿನವರಿಗಿಂತ ಹೆಚ್ಚು ಬಿಗಿಯಾಗಿ, ನಮ್ಮವರ ಮೇಲೇ ರೇಗ್ತಾರೆ. ಅದು ಬೇಡ. ತಲೆ ಎತ್ತಿ ನೋಡಿ. ಕೂರಿಸಿ ಮಾತಾಡಿಸಿ. ಆಗುತ್ತಾ, ಆಗಲ್ವಾ, ಯಾವತ್ತು ಅಂತ ಹೇಳಿ. ಕಾಸು ಮುಟ್ಟಬೇಡಿ.

ಕೆಲಸ ಸಿಗೋವರೆಗೂ ಕಾಯಬೇಕಿಲ್ಲ. 2011ರ ಸಕಾಲ ಕಾಯಿದೆಯಲ್ಲಿ ಸೇರಿರುವ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಕೇಳುವ ಹಕ್ಕಿದೆ. ಆ ದುಡ್ಡು ಹೋಗೋದು ತಡ ಮಾಡಿದವರ ಜೇಬಿನಿಂದ. ನಮ್ಮ ಕೇರಿಗಳಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ರಜೆಗೆ ಊರಿಗೆ ಹೋದಾಗ ಒಂದು ಭಾನುವಾರ ಕೂತು ಅರ್ಜಿ ಬರೆದುಕೊಡಿ. ಸ್ವೀಕೃತಿ ಕೇಳಿ ಇಸ್ಕೊಳ್ಳೋದನ್ನ ಕಲಿಸಿ.

ಆ ಮುದುಕಿ ಮಾರನೇ ದಿನ ಬಂದಳು. ನಾನು ಎದ್ದು ನಿಂತು ಕುರ್ಚಿ ಎಳೆದುಕೊಟ್ಟೆ. ಕೂರಲು ಹೆದರಿದಳು. ನೋಡಿದರೆ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿರಲಿಲ್ಲ. ಅಷ್ಟೇ. ಚೀಟಿಯಲ್ಲಿ ಬರೆದುಕೊಟ್ಟು, ಬ್ಯಾಂಕಿನಲ್ಲಿ ಯಾರನ್ನು ಕಾಣಬೇಕು ಅಂತ ಹೇಳಿದೆ. ಹಿಂದಿನ ದಿನವೇ ಹತ್ತು ನಿಮಿಷದಲ್ಲಿ ಹೇಳಬಹುದಿತ್ತು. ಅವಳ ಒಂದು ದಿನದ ಕೂಲಿ ನಾನು ತಿಂದಿದ್ದೆ.

‘ನಿಮ್ಮ ಹೊಟ್ಟೆ ತಣ್ಣಗಿರಲಿ ಬುದ್ಧಿ’ ಅಂದಳು. ‘ಬುದ್ಧಿ ಅನ್ನಬ್ಯಾಡ ಕಣವ್ವ, ನಾನೂ ಕೇರಿಯವನೇ’ ಅಂದೆ. ಆಗ ಮೊದಲ ಸಲ ನನ್ನ ಮುಖ ದಿಟ್ಟಿಸಿ ಕೇಳಿದಳು: ‘ಯಾರ ಮಗನಪ್ಪಾ ನೀನು?’

ಗೆಳೆಯರೇ, ನೀವು ಕುರ್ಚಿಯ ಮೇಲೆ ಕೂತ ದಿನ ಈ ಪ್ರಶ್ನೆ ನಿಮ್ಮ ಮುಂದೆಯೂ ಬಂದು ನಿಲ್ಲುತ್ತೆ. ಉತ್ತರ ಹೇಳುವಾಗ ತಲೆ ತಗ್ಗಿಸುವ ಹಾಗೆ ಆಗದಿರಲಿ.

ಜೈ ಭೀಮ್.